ಒಂದು ಸೇರಿಗೆ ನಾಲ್ಕು ಸೇರು

ಹೇಮಶ್ರೀಗೆ ಸಿಟ್ಟು ಬರುವುದು ಹೊಸದೇನಲ್ಲ. ಹೆತ್ತೂರಿನಿಂದ ಯಸಳೂರಿಗೆ ಹೋಗುವ ದಾರಿಯಲ್ಲಿ ಅವಳ ಎಂಟು ಎಕರೆ ಕಾಫಿ ತೋಟ. ಬೆಳಿಗ್ಗೆ ಪಿಕಪ್ ಸ್ಟಾರ್ಟ್ ಆಗದಿದ್ದರೆ ಸಿಟ್ಟು ಬರುತ್ತದೆ, ಮೆಣಸು ಕೊಯ್ಯಲು ಬರುತ್ತೇನೆಂದವರು ಫೋನ್ ಎತ್ತದಿದ್ದರೆ ಬರುತ್ತದೆ, ಆನೆ ನುಗ್ಗಿ ಬೇಲಿ ಮುರಿದರೆ ಆನೆಯ ಮೇಲೂ ಬರುತ್ತದೆ. ಬಂದಷ್ಟೇ ಬೇಗ ಇಳಿಯುತ್ತದೆ ಕೂಡ. ಆದರೆ ಎರಡು ವರ್ಷದಿಂದ ಇಳಿಯದೆ ಕೂತಿರುವ ಸಿಟ್ಟೊಂದಿದೆ. ಅದು ಇಸ್ಪೀಟಿನದು.

ಇಸ್ಪೀಟಿಗೆ ಅವಳು ಬಂದದ್ದು ಗಂಡನ ಬೆನ್ನಿನ ದೆಸೆಯಿಂದ. ದಯಾನಂದ ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಬಿಡಿಸುತ್ತಿದ್ದವನು ಏಣಿ ಜಾರಿ ಬಿದ್ದ. ಹಾಸನದ ಡಾಕ್ಟರು ಆಪರೇಷನ್ ಬೇಡವೆಂದರು. ಸೊಂಟಕ್ಕೆ ಬೆಲ್ಟ್ ಕಟ್ಟಿ, ಬಗ್ಗಬಾರದು, ಭಾರ ಎತ್ತಬಾರದು, ಗಟ್ಟಿ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಬಾರದು ಎಂದು ಹೇಳಿ ಕಳಿಸಿದರು. ತೋಟದ ಕೆಲಸ ಪೂರ್ತಿ ಹೇಮಶ್ರೀಯ ಮೇಲೆ ಬಿತ್ತು. ಅದನ್ನು ಅವಳು ಗೊಣಗದೆ ಹೊತ್ತುಕೊಂಡಳು. ಗಂಡ ಮನೆಯಲ್ಲಿ ಮಲಗಿ ಸೂರು ನೋಡುವುದನ್ನು ಮಾತ್ರ ಅವಳಿಂದ ನೋಡಲಾಗಲಿಲ್ಲ. ಭಾನುವಾರ ಬೆಳೆಗಾರರ ಕ್ಲಬ್ಬಿಗೆ ಹೋಗುವುದು ಅವನ ಹದಿನೈದು ವರ್ಷದ ರೂಢಿ. ಕ್ಲಬ್ ಎಂದರೆ ಹೆಂಚಿನ ಒಂದು ಹಳೇ ಕಟ್ಟಡ, ಒಂದು ಹಾಲ್, ಎರಡು ಮೇಜು, ಹಿಂದೆ ಅಡುಗೆಮನೆ. ಮಧ್ಯಾಹ್ನ ಊಟ ಮಾಡುವುದು, ಮಾತಾಡುವುದು, ಎಲೆ ಆಡುವುದು, ಆನೆ ರಸ್ತೆಗಿಳಿಯುವ ಹೊತ್ತಿಗೆ ಮುಂಚೆ ಮನೆ ಸೇರುವುದು.

ಹೇಮಶ್ರೀಯೇ ಪಿಕಪ್ಪಿನಲ್ಲಿ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದಳು. ಅವನು ಕಿಟಕಿಯ ಹತ್ತಿರದ ಈಜಿ ಚೇರಿನಲ್ಲಿ ಒರಗಿಕೊಳ್ಳುತ್ತಿದ್ದ. ಅವನಿಲ್ಲದೆ ಮೇಜಿಗೆ ಒಬ್ಬರು ಕಡಿಮೆಯಾದರು.

"ಬಾರವ್ವ, ನೀನೇ ಕೂತ್ಕೊ. ಸುಮ್ನೆ ನಿಂತ್ಕಂಡು ಏನ್ ಮಾಡ್ತೀಯ?" ಎಂದರು ಜವರಪ್ಪ. ಆ ಮೇಜಿನ ಹಿರಿಯರು ಅವರು. ಎಪ್ಪತ್ತು ದಾಟಿದೆ, ಒಂದು ಕಿವಿ ಮಂದ, ಆಡುವಾಗ ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ.

ಅಷ್ಟರಲ್ಲಿ ಅಲ್ಲಿ ರಮ್ಮಿ ಹೋಗಿ ಪೋಕರ್ ಬಂದಿತ್ತು. ತಂದವನು ನಟರಾಜ್. ಸಕಲೇಶಪುರದ ಆಚೆ ಹೋಂಸ್ಟೇ ಇಟ್ಟುಕೊಂಡವನು, ಮೂವತ್ತೈದರ ಆಸುಪಾಸು, ಬರುವ ಪ್ರವಾಸಿಗಳ ಜೊತೆ ಆಡಿ ಆಡಿ ಕಲಿತಿದ್ದ. ದುಡ್ಡಿನ ಬದಲು ಪಣಕ್ಕಿಡುವ ಪ್ಲಾಸ್ಟಿಕ್ ಚಿಪ್ಪುಗಳ ಪೆಟ್ಟಿಗೆಯೂ ಅವನದೇ. ದುಡ್ಡು ಕಟ್ಟಿ ಆಡಬಾರದೆಂದು ಜವರಪ್ಪ ಮೊದಲೇ ಕಟ್ಟು ಮಾಡಿದ್ದರು. ಎಲ್ಲರಿಗೂ ಸಮನಾಗಿ ಚಿಪ್ಪು ಹಂಚುವುದು, ಕೊನೆಗೆ ಯಾರ ಹತ್ತಿರ ಉಳಿಯುತ್ತದೋ ಅವರು ಗೆದ್ದಂತೆ.

ಆಟ ಕಷ್ಟದ್ದಲ್ಲ. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ಬಿಚ್ಚುತ್ತಾರೆ, ಆಮೇಲೆ ಒಂದು, ಕೊನೆಗೆ ಒಂದು. ಏಳರಲ್ಲಿ ಐದು ಆರಿಸಿ ಯಾರದು ದೊಡ್ಡದೋ ಅವರು ಗೆದ್ದರು. ನಡುನಡುವೆ ಚಿಪ್ಪು ಹಾಕುತ್ತಾ ಹೋಗಬೇಕು. ಒಬ್ಬ ಹಾಕಿದಷ್ಟು ಇನ್ನೊಬ್ಬ ಹಾಕಬೇಕು, ಇಲ್ಲವೇ ಎಲೆ ಬಿಟ್ಟು ಹಿಂದೆ ಸರಿಯಬೇಕು. ಹಾಕಿದ್ದೆಲ್ಲ ನಡುವೆ ಗುಡ್ಡೆಯಾಗುತ್ತದೆ. ಅದಕ್ಕೆ ಪಾಟ್ ಎನ್ನುತ್ತಾರೆ.

ಮೊದಲ ಎರಡು ತಿಂಗಳು ಹೇಮಶ್ರೀ ಎಲ್ಲರನ್ನೂ ಸುಲಿದಳು. ಅವಳಿಗೆ ಮುಖ ಓದಲು ಬರುತ್ತಿತ್ತು. ಕೆಲಸಕ್ಕೆ ಬಂದವರು ನಾಳೆ ಬರುತ್ತಾರೋ ಇಲ್ಲವೋ ಎಂಬುದನ್ನು ಅವರು ಚೀಲ ಎತ್ತಿಕೊಳ್ಳುವ ರೀತಿಯಲ್ಲೇ ಹೇಳಬಲ್ಲವಳು, ಜವರಪ್ಪನವರ ಕೈಗೆ ಒಳ್ಳೆ ಎಲೆ ಬಂದರೆ ಅವರು ಕಾಫಿ ಲೋಟ ದೂರ ಸರಿಸುತ್ತಾರೆಂಬುದನ್ನು ಮೊದಲ ವಾರವೇ ಕಂಡುಕೊಂಡಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದರೂ ಹೀಗೊಂದು ಸಂತೋಷ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ವಾಪಸ್ ಬರುವಾಗ ಸ್ಟೇರಿಂಗ್ ತಟ್ಟಿಕೊಂಡು ನಗುತ್ತಿದ್ದಳು.

ಆಮೇಲೆ ನಟರಾಜ್ ಮುಖ ತೋರಿಸುವುದನ್ನು ನಿಲ್ಲಿಸಿದ. ಟೋಪಿ ಕೆಳಗೆ ಎಳೆದುಕೊಂಡು, ಲೆಕ್ಕದ ಮೇಲೆ ಆಡಲು ಶುರು ಮಾಡಿದ. ಇನ್ನೊಂದು ಕೆಲಸವನ್ನೂ ಮಾಡಿದ. ಆ ಮಾಗಿಯಲ್ಲಿ ಆನೆಗಳ ಗುಂಪೊಂದು ಕ್ಲಬ್ಬಿನ ಕೆಳಗಿನ ಗದ್ದೆಯಲ್ಲೇ ಬೀಡುಬಿಟ್ಟಿತ್ತು. ಆನೆ ಎಲ್ಲಿದೆಯೆಂದು ಮಧ್ಯಾಹ್ನದಿಂದಲೇ ಎಲ್ಲರ ಫೋನಿಗೂ ಮೆಸೇಜು ಬರುತ್ತಿತ್ತು. ಆಟ ಬೇಗ ಮುಗಿಯಬೇಕು, ಜವರಪ್ಪನೂ ಹೇಮಕ್ಕನೂ ತುಂಬಾ ಹೊತ್ತು ತಗೋತಾರೆ, ಇನ್ನುಮೇಲೆ ಯಾರಾದರೂ 'ಟೈಮ್' ಎಂದರೆ ಅರ್ಧ ನಿಮಿಷದೊಳಗೆ ಹಾಕುವುದೋ ಬಿಡುವುದೋ ಹೇಳಿಬಿಡಬೇಕು ಎಂದು ನಟರಾಜ್ ನಿಯಮ ತಂದ. ಎಲ್ಲರೂ ಒಪ್ಪಿದರು. ಹೇಮಶ್ರೀಯೂ ಒಪ್ಪಿದಳು.

ಆ ನಿಯಮ ಬಂದ ಮೂರನೇ ಭಾನುವಾರ ಅವಳ ಕೈಯಲ್ಲಿ ಇಸ್ಪೀಟು ಜಾತಿಯ ಎರಡು ಎಲೆ, ಮೇಜಿನ ಮೇಲೆ ಅದೇ ಜಾತಿಯ ಎರಡು. ಇನ್ನೊಂದು ಇಸ್ಪೀಟು ಬಂದರೆ ಐದೂ ಒಂದೇ ಜಾತಿಯಾಗಿ ಫ್ಲಶ್. ಎದುರಿಗಿದ್ದ ನಟರಾಜನಿಗೆ ಏನಿದ್ದರೂ ಅವಳದೇ ದೊಡ್ಡದಾಗುತ್ತಿತ್ತು. ಉಳಿದಿದ್ದು ಒಂದೇ ಎಲೆ. ಪಾಟಿನಲ್ಲಿ ಆರುನೂರಿತ್ತು. ನಟರಾಜ್ ಇನ್ನೂ ಆರುನೂರು ತಳ್ಳಿ, "ಟೈಮ್, ಅಕ್ಕ" ಎಂದ.

ಅವಳ ತಲೆಯೊಳಗೆ ಏನೋ ಮುಚ್ಚಿಕೊಂಡಿತು. ಅದು ಅವಳಿಗೆ ಹಳೆಯ ಪರಿಚಯ. ಆಲೂರು ತಾಲ್ಲೂಕಿನ ಮಗ್ಗೆಯಲ್ಲಿ, ಅವಳ ತವರಿನಲ್ಲಿ, ಶಾಲೆಯ ಬೋರ್ಡಿನ ಮುಂದೆ ನಿಲ್ಲಿಸಿ ಭಾಗಾಕಾರ ಕೊಟ್ಟಾಗಲೂ ಹೀಗೇ ಆಗುತ್ತಿತ್ತು. ಕೂತು ಮಾಡಿದರೆ ಬರುವ ಲೆಕ್ಕ, ನಿಂತು ಮಾಡಿದರೆ ಬರುತ್ತಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಎಲ್ಲಾ ಪಾಸಾಗಿ ಗಣಿತದಲ್ಲಿ ಹೋಯಿತು. ಅಪ್ಪ ಲಕ್ಕಪ್ಪ ಒಳ್ಳೆಯವನೇ, ಇನ್ನೊಂದು ಸಲ ಕಟ್ಟು ಎಂದ. ಇನ್ನೊಂದು ಸಲವೂ ಹೋಯಿತು.

"ಹತ್ತು ಸೆಕೆಂಡ್," ಎಂದ ನಟರಾಜ್.

"ಹಾಕ್ದೆ ತಗೊ," ಎಂದು ಅವಳು ಚಿಪ್ಪು ತಳ್ಳಿದಳು. ಬಂದದ್ದು ಕ್ಲಾವರ್ ಎರಡು.

ನಟರಾಜ್ ಪಾಟನ್ನು ಎಳೆದುಕೊಳ್ಳುತ್ತಾ ಪಾಠ ಹೇಳಿದ. "ನೀವು ಹಾಕಿದ್ದು ಆರುನೂರು, ಒಟ್ಟು ಆಗಿದ್ದು ಸಾವಿರದೆಂಟುನೂರು. ಅಂದ್ರೆ ಮೂವತ್ಮೂರು ಪರ್ಸೆಂಟ್ ಚಾನ್ಸ್ ಇದ್ರೆ ಮಾತ್ರ ಹಾಕ್ಬೇಕು. ನಿಮ್ ಎಲೆ ಬರೋ ಚಾನ್ಸ್ ಇಪ್ಪತ್ತೂ ಇರ್ಲಿಲ್ಲ. ಇಷ್ಟೇ ಅಕ್ಕ, ಸಿಂಪಲ್."

ಮುಂದಿನ ವಾರ ಅಂಥದ್ದೇ ಎಲೆ. ಈ ಸಲ ಪಾಟಿನಲ್ಲಿ ಸಾವಿರವಿತ್ತು, ನಟರಾಜ್ ಬರೀ ನೂರು ಹಾಕಿದ. ಹಿಂದಿನ ವಾರದ ನೆನಪಿಗೆ ಹೆದರಿ ಅವಳು ಎಲೆ ಬಿಟ್ಟಳು. ನಟರಾಜ್ ಹಣೆ ಚಚ್ಚಿಕೊಂಡ. "ಅಯ್ಯೋ ಅಕ್ಕ! ಇದಕ್ಕೆ ಕಣ್ಮುಚ್ಕಂಡ್ ಹಾಕ್ಬೇಕಿತ್ತು! ಲೆಕ್ಕ ಕಷ್ಟ ಆಗ್ತೈತೆ ಅಂದ್ರೆ ಆ ಮೇಜಲ್ಲಿ ರಮ್ಮಿ ಹಾಕೋಣ, ಹೇಳಿ."

ಹಾಕಿದರೂ ತಪ್ಪು, ಬಿಟ್ಟರೂ ತಪ್ಪು. ಆ ದಿನ ವಾಪಸ್ ಬರುವಾಗ ಪಿಕಪ್ಪಿನ ಗೇರು ಕಿರುಗುಟ್ಟಿತು. ದಯಾನಂದ ಬೆನ್ನು ಹಿಡಿದುಕೊಂಡು, "ಮೆಲ್ಲಕೆ ಹೊಡಿಯೇ" ಎಂದ.

"ನೀವು ಇಷ್ಟ್ ವರ್ಷ ಆಡಿದ್ರಲ್ಲ, ಹೆಂಗೆ ಲೆಕ್ಕ ಹಾಕ್ತಿದ್ರಿ?"

"ಲೆಕ್ಕ ಎಲ್ಲಿ ಬಂತು? ಮನಸ್ಸು ಹಾಕು ಅಂದ್ರೆ ಹಾಕ್ತಿದ್ದೆ, ಬ್ಯಾಡ ಅಂದ್ರೆ ಬಿಡ್ತಿದ್ದೆ."

"ಅದಕ್ಕೇ ಸೋಲ್ತಿದ್ರಿ," ಎಂದಳು ಅವಳು.

ಮೈದುನನ ಮಗಳು ಸೌಜನ್ಯ ಹಾಸನದಲ್ಲಿ ಬಿಎಸ್ಸಿ ಓದುತ್ತಿದ್ದಳು, ಗಣಿತವೇ ಅವಳ ವಿಷಯ. ಹೇಮಶ್ರೀ ಅವಳಿಗೆ ಫೋನ್ ಮಾಡಿದಳು. ದೊಡ್ಡಮ್ಮ ಪೋಕರ್ ಬಗ್ಗೆ ಕೇಳುತ್ತಿದ್ದಾಳೆಂದು ಹುಡುಗಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಶ್ರದ್ಧೆಯಿಂದ ಹೇಳಿಕೊಟ್ಟಳು. ನಿಮಗೆ ಬೇಕಾದ ಎಲೆ ಕಟ್ಟಿನಲ್ಲಿ ಎಷ್ಟು ಉಳಿದಿವೆ ಎಣಿಸಿ. ಅದನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಪರ್ಸೆಂಟ್ ಸಿಕ್ಕುತ್ತದೆ. ಆಮೇಲೆ ನೀವು ಹಾಕಬೇಕಾದ್ದನ್ನು ಒಟ್ಟು ಪಾಟಿನಿಂದ ಭಾಗಿಸಿ. ಎರಡನ್ನೂ ಹೋಲಿಸಿ.

ಗುಣಿಸುವುದು ಬಂತು. ಭಾಗಿಸುವುದು ಬರಲಿಲ್ಲ. ಬರಲಿಲ್ಲ ಎಂದರೆ, ಬರುತ್ತಿತ್ತು, ಆದರೆ ಅರ್ಧ ನಿಮಿಷದಲ್ಲಿ ಬರುತ್ತಿರಲಿಲ್ಲ. ರೊಟ್ಟಿ ತಟ್ಟುತ್ತಾ ನಾನೂರೈವತ್ತನ್ನು ಸಾವಿರದೇಳುನೂರರಿಂದ ಭಾಗಿಸಲು ಹೋಗಿ ರೊಟ್ಟಿ ಸೀಯಿಸಿದಳು. ಪಿಕಪ್ ಓಡಿಸುತ್ತಾ ಲೆಕ್ಕ ಹಾಕಿ, ಯಸಳೂರಿನಲ್ಲಿ ಗೊಬ್ಬರದ ಅಂಗಡಿ ದಾಟಿ ಎಷ್ಟೋ ದೂರ ಹೋಗಿಬಿಟ್ಟಳು. ಒಬ್ಬಳೇ ಇದ್ದಾಗ ಉತ್ತರ ನೀಟಾಗಿ ಬಂದು ನಿಲ್ಲುತ್ತಿತ್ತು. ಭಾನುವಾರ ನಟರಾಜನ ಬಾಯಿಂದ 'ಟೈಮ್' ಬಿದ್ದ ಕೂಡಲೇ ಅಂಕಿಗಳೆಲ್ಲ ಸೇರಿ ಕಲಸನ್ನವಾಗುತ್ತಿದ್ದವು. ಅವಳಿಗೆ ಅತ್ತುಬಿಡಬೇಕು ಅನ್ನಿಸುತ್ತಿತ್ತು, ಇಸ್ಪೀಟಿಗಾಗಿ ಅಳುವ ಹೆಂಗಸು ತಾನಾದೆನಲ್ಲ ಎಂದು ಇನ್ನಷ್ಟು ಸಿಟ್ಟು ಬರುತ್ತಿತ್ತು.

"ಬಿಟ್ಬುಡು ಅತ್ಲಾಗೆ," ಎಂದ ದಯಾನಂದ. "ಅಷ್ಟು ಬೇಜಾರಾದ್ರೆ ಯಾಕ್ ಆಡ್ಬೇಕು?"

ಬಿಡುವುದಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮಗ್ಗೆಯಿಂದ ಅತ್ತಿಗೆ ಗಂಗಾಮಣಿ ರಾಗಿ ಕಳಿಸಿದ್ದಳು. ಚೀಲದಿಂದ ಒಂದಿಷ್ಟನ್ನು ಮೊರಕ್ಕೆ ಸುರಿದು, ಹಿಟ್ಟು ಮಾಡಿಸಲು ಐದು ಸೇರು ಎತ್ತಿಡಬೇಕಿತ್ತು. ಸುರಿದದ್ದನ್ನು ನೋಡಿದಳು. ಇದು ನಾಲ್ಕೇ ಸೇರು, ಇನ್ನೊಂದು ಬೇಕು ಎಂದುಕೊಂಡು ಚೀಲಕ್ಕೆ ಕೈ ಹಾಕಿದವಳು ಅಲ್ಲೇ ನಿಂತಳು. ಸೇರು ಮೊರದ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ಅಳೆದಿರಲಿಲ್ಲ. ಅಳೆಯದೆ ಹೇಗೆ ಗೊತ್ತಾಯಿತು? ಅಳೆದು ನೋಡಿದಳು. ನಾಲ್ಕೇ ಇತ್ತು, ಮೇಲೊಂದು ಹಿಡಿ.

ಆ ಕ್ಷಣವೇ ಸೌಜನ್ಯಗೆ ಫೋನ್ ಮಾಡಿದಳು. "ಪರ್ಸೆಂಟ್ ಬ್ಯಾಡ ಕಣೇ ನಂಗೆ. ನಾನು ಹಾಕ್ಬೇಕಾಗಿರೋದನ್ನ ಒಂದು ಸೇರು ಅನ್ಕೋ. ಎದುರಿಗೆ ಎಷ್ಟು ಸೇರು ಇದ್ರೆ ಹಾಕ್ಬೋದು? ಅಷ್ಟು ಹೇಳು."

ಹುಡುಗಿ ಲೆಕ್ಕ ಹಾಕಿ ನೋಡಿ, "ದೊಡ್ಡಮ್ಮ, ಇದು ಇನ್ನೂ ಸುಲಭ" ಎಂದಳು. ಒಂದೇ ಎಲೆ ಬಾಕಿ ಇರುವಾಗ ಫ್ಲಶ್ಶಿಗೆ ಕಾಯುತ್ತಿದ್ದರೆ ಐದರಲ್ಲಿ ಒಂದು ಸಲ ಬರುತ್ತದೆ, ನಾಲ್ಕು ಸಲ ಬರುವುದಿಲ್ಲ. ಹಾಗಾಗಿ ಒಂದು ಸೇರು ಹಾಕಬೇಕಾದರೆ ಎದುರಿಗೆ ನಾಲ್ಕು ಸೇರು ತುಂಬಿ ಸ್ವಲ್ಪ ಚೆಲ್ಲಬೇಕು. ಐದು ಎಲೆ ಒಂದರ ಹಿಂದೊಂದು ಬರುವ ಸಾಲಿಗೆ, ಯಾವ ತುದಿಯ ಎಲೆ ಬಂದರೂ ಆಗುವಂತೆ ಕಾಯುತ್ತಿದ್ದರೆ ಐದು ಸೇರು. ನಡುವಿನ ಒಂದೇ ಎಲೆಗೆ ಕಾಯುತ್ತಿದ್ದರೆ ಹತ್ತರ ಮೇಲೆ ಬೇಕು, ಅದನ್ನು ಮರೆತೇ ಬಿಡಿ.

ಇಷ್ಟೇ. ಭಾಗಾಕಾರ ಇಲ್ಲ, ಪರ್ಸೆಂಟ್ ಇಲ್ಲ.

ಇಷ್ಟೇ ಆಗಲಿಲ್ಲ. ಮುಂದಿನ ಭಾನುವಾರ ಹೋಗಿ ನೋಡಿದರೆ ಚಿಪ್ಪುಗಳು ರಾಗಿಯಲ್ಲ. ಬಿಳಿ ಚಿಪ್ಪು ನೂರಕ್ಕೆ, ನೀಲಿ ಐನೂರಕ್ಕೆ. ಎತ್ತರದ ಬಿಳಿ ಗುಡ್ಡೆಗಿಂತ ನಾಲ್ಕು ನೀಲಿಯ ಬೆಲೆ ಹೆಚ್ಚು. ಕಣ್ಣು ಒಂದು ಹೇಳಿತು, ಪಾಟಿನಲ್ಲಿದ್ದದ್ದು ಇನ್ನೊಂದು. ಮತ್ತೆ ಸೋತಳು. ಮನೆಗೆ ಬಂದು ಹುರುಳಿಕಾಳು, ಅವರೆಕಾಳು ಬೆರೆಸಿ ಮೇಜಿನ ಮೇಲೆ ಹರಡಿಕೊಂಡಳು, ಒಂದು ಅವರೆಗೆ ಐದು ಹುರುಳಿ ಎಂದು ಕಣ್ಣಿಗೆ ಕಲಿಸಿದಳು. ಅದು ಬರುವ ಹೊತ್ತಿಗೆ ಇನ್ನೊಂದು ತೊಡಕು: ಅವಳಿಗೆ ಬೇಕಾದ ಎಲೆಯೇ ಬಂದು, ಅದೇ ಎಲೆಯಿಂದ ಎದುರಿನವನಿಗೆ ಇನ್ನೂ ದೊಡ್ಡದು ಕಟ್ಟಿಕೊಂಡಿತು. ಅದನ್ನೂ ಕಲಿತಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಪ್ರತಿ ಸಲವೂ ಗಂಟು ಬಿಡಿಸಿದೆ ಅನ್ನುವಷ್ಟರಲ್ಲಿ ಕೆಳಗೆ ಮತ್ತೊಂದು ಗಂಟು. ಅವಳು ಎಲೆ ಮಡಚಿ ಎದ್ದು ಹೋಗದಿದ್ದದ್ದೇ ಹೆಚ್ಚು.

ಆದರೂ ಒಂದು ದಿನ ನಟರಾಜ್ 'ಟೈಮ್' ಎಂದಾಗ ತಲೆ ಮುಚ್ಚಿಕೊಳ್ಳಲಿಲ್ಲ. ಪಾಟ್ ನೋಡಿದಳು, ಅವನು ಹಾಕಿದ್ದನ್ನು ನೋಡಿದಳು. ಆರು ಸೇರು ಇದೆ, ಹಾಕಬಹುದು ಎಂದು ಕಂಡಿತು. ಹಾಕಿದಳು. ಎಲೆ ಬರಲಿಲ್ಲ, ಸೋತಳು. ಆದರೆ ಆ ದಿನ ಮೊದಲ ಬಾರಿ ಸೋಲು ಅವಳಿಗೆ ಉರಿಯಲಿಲ್ಲ.

ಮಾರ್ಚಿನಲ್ಲಿ, ಕುಯಿಲು ಮುಗಿದು ಕಾಫಿ ಅರಳಿಸುವ ಹೂಮಳೆಗೆ ಎಲ್ಲರೂ ಮುಗಿಲು ನೋಡುತ್ತಿದ್ದಾಗ, ಕ್ಲಬ್ಬಿನಲ್ಲಿ ಪಂದ್ಯ ಇಟ್ಟರು. ಜವರಪ್ಪನವರ ಅಳಿಯನಿಗೆ ಸಕಲೇಶಪುರದಲ್ಲಿ ಕೃಷಿ ಯಂತ್ರಗಳ ಅಂಗಡಿ; ಅವನು ಬಹುಮಾನಕ್ಕೆಂದು ಕಳೆ ಕತ್ತರಿಸುವ ಹೊಸ ಮೆಷಿನ್ ಒಂದನ್ನು ಕೊಟ್ಟ. ಆರೆಂಜ್ ಬಣ್ಣದ್ದು. ಹಾಲಿನ ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು. ಹೇಮಶ್ರೀ ಅದರ ಬ್ಲೇಡು ಮುಟ್ಟಿ, ಹ್ಯಾಂಡಲ್ ಹಿಡಿದು, ಭುಜಕ್ಕೆ ಹಾಕಿಕೊಳ್ಳುವ ಬೆಲ್ಟ್ ಎಳೆದು ನೋಡಿದಳು. ಮನೆಯ ಹಳೇ ಮೆಷಿನ್ ಕಾರ್ಬೊರೇಟರ್ ಹೋಗಿ ಕೊಟ್ಟಿಗೆಯಲ್ಲಿ ಮಲಗಿತ್ತು.

ಆರು ಜನ ಕೂತರು, ಒಬ್ಬೊಬ್ಬರಿಗೆ ಸಾವಿರದೈನೂರು ಚಿಪ್ಪು. ಊಟಕ್ಕೆ ಮುಂಚೆ ಮೂವರು ಎದ್ದರು. ಅಕ್ಕಿ ಕಡುಬು, ಕೋಳಿಸಾರು ಉಂಡು ಬಂದ ಮೇಲೆ ಜವರಪ್ಪನೂ ಎದ್ದರು. "ನಂಗೆ ನಿದ್ದೆ ಬತ್ತಾ ಐತೆ, ನೀವೇ ಹೊಡ್ದಾಡ್ಕಳಿ" ಎಂದು ಎಲೆ ಹಂಚುವ ಕೆಲಸ ತೆಗೆದುಕೊಂಡರು. ಉಳಿದವರು ಹೇಮಶ್ರೀ ಮತ್ತು ನಟರಾಜ್. ಸೋತವರೆಲ್ಲ ಕುರ್ಚಿ ಎಳೆದುಕೊಂಡು ಸುತ್ತ ಕೂತರು. ದಯಾನಂದ ಈಜಿ ಚೇರು ಬಿಟ್ಟು, ಸೊಂಟ ಹಿಡಿದುಕೊಂಡು ಹೆಂಡತಿಯ ಹಿಂದೆ ಬಂದು ನಿಂತ.

ಅವಳಿಗೆ ಬಂದದ್ದು ಆಟೀನ್ ಎಂಟು, ಆಟೀನ್ ಆರು. ನಡುವೆ ಬಿಚ್ಚಿದ್ದು ಆಟೀನ್ ರಾಜ, ಆಟೀನ್ ಮೂರು, ಕ್ಲಾವರ್ ರಾಣಿ. ನಾಲ್ಕು ಆಟೀನ್ ಆಯಿತು, ಫ್ಲಶ್ಶಿಗೆ ಇನ್ನೊಂದು ಬಾಕಿ. ಇಬ್ಬರೂ ಚಿಪ್ಪು ಹಾಕಿದರು. ನಾಲ್ಕನೇ ಎಲೆ ಇಸ್ಪೀಟ್ ಗುಲಾಮ, ಉಪಯೋಗವಿಲ್ಲದ್ದು. ಪಾಟಿನಲ್ಲಿ ನಾಲ್ಕು ಸಾವಿರವಾಗಿತ್ತು. ನಟರಾಜನ ಮುಂದೆ ಉಳಿದಿದ್ದು ಎರಡು ಸಾವಿರ, ಅವಳ ಮುಂದೆ ಮೂರು ಸಾವಿರ. ನಟರಾಜ್ ತನ್ನಲ್ಲಿದ್ದದ್ದನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದ.

"ಟೈಮ್."

ಹೇಮಶ್ರೀ ಅವನು ತಳ್ಳಿದ ಗುಡ್ಡೆ ನೋಡಿದಳು. ಅದು ಒಂದು ಸೇರು. ನಡುವೆ ಅಂಥವು ಎರಡು. ಅವನದೂ ಸೇರಿದರೆ ಮೂರು. ಮೂರೇ. ಬೇಕಾದದ್ದು ನಾಲ್ಕು, ಮತ್ತೆ ಸ್ವಲ್ಪ. ಅವನ ಹತ್ತಿರ ರಾಜನ ಜೋಡಿಯಿದೆ, ಅನುಮಾನವಿಲ್ಲ. ಆಟೀನ್ ಬಂದರೆ ಮಾತ್ರ ತನಗೆ ಗೆಲುವು. ಇನ್ನೂ ಹದಿನೈದು ಸೆಕೆಂಡಿರುವಾಗಲೇ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಗಿತ್ತು.

"ಬಿಟ್ಟೆ," ಎಂದು ಎಲೆ ಮಡಚಿಟ್ಟಳು.

ಆ ಒಂದು ಗಳಿಗೆ ಅವಳಿಗಾದ ಹೆಮ್ಮೆಯನ್ನು ಯಾರಿಗೆ ಹೇಳುವುದು! ಬೋರ್ಡಿನ ಮುಂದೆ ನಿಂತು, ಎಲ್ಲರ ಎದುರಿಗೆ, ತಪ್ಪಿಲ್ಲದೆ ಉತ್ತರ ಬರೆದಂತಿತ್ತು.

"ಬಂದಿದ್ರೆ ಏನ್ ಬರ್ತಿತ್ತು ನೋಡಾನ ತಡೀರಿ," ಎಂದು ಜವರಪ್ಪ ಮುಂದಿನ ಎಲೆ ಮಗುಚಿದರು.

ಆಟೀನ್ ಐದು.

ಹಾಲಿಗೆ ಹಾಲೇ ಹೋ ಎಂದಿತು. ನಟರಾಜ್ ತನ್ನ ರಾಜನನ್ನು ತೋರಿಸಿ ಎದೆ ಮೇಲೆ ಕೈಯಿಟ್ಟುಕೊಂಡು ಉಸ್ಸೆಂದ. "ಹಾಕಿದ್ರೆ ಮುಗ್ದೋಗ್ತಿತ್ತಲ್ಲವ್ವ!" ಎಂದರು ಜವರಪ್ಪ. "ಹೆದರ್ಕಂಬುಟ್ಳು," ಎಂದು ಹಿಂದಿನಿಂದ ಯಾರೋ ಹೇಳಿದರು. ದಯಾನಂದ ನಾಲಿಗೆಯಿಂದ 'ಚ್ಚ್' ಎಂದ. ಆ ಸದ್ದು ಅವಳಿಗೆ ಉಳಿದೆಲ್ಲಕ್ಕಿಂತ ಚೆನ್ನಾಗಿ ಕೇಳಿಸಿತು.

"ಹೆದರ್ಲಿಲ್ಲ," ಎಂದಳು. "ಮೂರೇ ಇತ್ತು. ನಾಲ್ಕು ಇರ್ಬೇಕಿತ್ತು."

"ಯಾವ ನಾಲ್ಕು?" ಎಂದರು ಜವರಪ್ಪ ಕಿವಿಗೆ ಕೈ ಹಿಡಿದು. ಉತ್ತರ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಮುಂದೆ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಇನ್ನು ನಾಲ್ಕಾರು ಸುತ್ತು ಆದ ಮೇಲೆ ಅವಳ ಕೈಗೆ ರಾಜ, ರಾಣಿ ಬಂದವು. ಮೇಜಿನ ಮೇಲೆ ರಾಣಿ, ಒಂಬತ್ತು, ಮೂರು. ಸಾವಿರ ಹಾಕಿದಳು, ನಟರಾಜನೂ ಹಾಕಿದ. ನಾಲ್ಕನೆಯದು ರಾಜ. ಅವಳಿಗೆ ಎರಡು ಜೋಡಿಯಾಯಿತು, ರಾಜನದೊಂದು ರಾಣಿಯದೊಂದು. ಉಳಿದ ಎರಡು ಸಾವಿರವನ್ನೂ ತಳ್ಳಿದಳು. ನಟರಾಜ್ ಟೋಪಿ ತೆಗೆದು ತಲೆ ಕೆರೆದುಕೊಂಡ, ಸೂರು ನೋಡಿದ, ನಕ್ಕ. "ಆಗಿದ್ದಾಗ್ಲಿ" ಎಂದು ಅಷ್ಟೇ ಚಿಪ್ಪು ಹಾಕಿ ಎಲೆ ತೋರಿಸಿದ. ಗುಲಾಮ, ಎಂಟು. ಅವನಿಗೆ ಹತ್ತು ಬಂದರೆ ಮಾತ್ರ ಒಂಬತ್ತರಿಂದ ರಾಜನವರೆಗೆ ಸಾಲು ಕೂಡುತ್ತಿತ್ತು. ಬೇರೆ ಯಾವ ಎಲೆಯೂ ಅವನನ್ನು ಉಳಿಸುತ್ತಿರಲಿಲ್ಲ. ಹತ್ತು ಸೇರು ಇರಬೇಕಾದ ಕಡೆ ಎರಡೇ ಸೇರಿತ್ತು. ಪರ್ಸೆಂಟ್ ಹೇಳಿ ಹೇಳಿ ಅವಳ ಪ್ರಾಣ ತಿಂದವನು ಹಾಕಿದ್ದು ಅಂಥದ್ದಕ್ಕೆ.

ಜವರಪ್ಪ ಎಲೆ ಮಗುಚಿದರು. ಡೈಮಂಡ್ ಹತ್ತು.

ನಟರಾಜನನ್ನು ಎತ್ತಿ ಕುಣಿಸುವುದೊಂದು ಬಾಕಿ. "ಒಂದೊಂದ್ಸಲ ಲೆಕ್ಕ ಬಿಟ್ಟು ಆಡ್ಬೇಕು ಅಕ್ಕ," ಎಂದು ಅವನು ಕೈ ಚಾಚಿದ. ಅವಳು ಕೈ ಕುಲುಕಿದಳು. ಅಷ್ಟು ಮರ್ಯಾದೆ ಅವಳಿಗೆ ಗೊತ್ತಿತ್ತು. ಆಮೇಲೆ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಗಂಡನನ್ನು ಪಿಕಪ್ಪಿಗೆ ಹತ್ತಿಸಿಕೊಂಡು ಹೊರಟಳು.

ಎರಡು ತಿರುವು ಕಳೆದ ಮೇಲೆ ದಯಾನಂದ ಬಾಯಿ ಬಿಟ್ಟ. "ಆವಾಗ ಹಾಕ್ಬುಟ್ಟಿದ್ರೆ, ಮೆಷಿನ್ ಈಗ ಹಿಂದ್ಗಡೆ ಇರ್ತಿತ್ತು."

ಅವಳು ಬ್ರೇಕ್ ಹಾಕಿದಳು. ರಸ್ತೆ ಪಕ್ಕ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಅವನ ಕಡೆ ತಿರುಗಿದಳು. "ಕೇಳಿ. ಅದೇ ಆಟ ಐದ್ಸಲ ಆಡಿದ್ರೆ ನಾಲ್ಕ್ಸಲ ಆ ಎಲೆ ಬರಲ್ಲ. ಬರೋ ಒಂದ್ಸಲ ಸಿಗೋದು ಮೂರು ಸೇರು, ಬರದ ನಾಲ್ಕ್ಸಲ ಹೋಗೋದು ನಾಲ್ಕು ಸೇರು. ಲಾಭವೋ ಲುಕ್ಸಾನೋ?"

"ಲುಕ್ಸಾನು."

"ಮತ್ತೆ?"

"ಆದ್ರೆ ಬಂತಲ್ಲ."

"ಬರುತ್ತೆ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಗೊತ್ತಾಗ್ಬೇಕು ಅಂತ ನಾನ್ ಎಲ್ಲಿ ಅಂದೆ? ಬಂತು ಅಂದೆ ಅಷ್ಟೇ. ಆನೆ ಬರೋ ಹೊತ್ತು, ಗಾಡಿ ಎತ್ತು ಮಾರಾಯ್ತಿ."

ಮಾರನೆಯ ದಿನ ಅವನನ್ನು ಜಗಲಿಯಲ್ಲಿ ಕೂರಿಸಿ, ಅದೇ ಎಲೆಗಳನ್ನು ಅದೇ ರೀತಿ ಹಾಸಿ, ಕೊನೆಯ ಎಲೆಯನ್ನು ಮತ್ತೆ ಮತ್ತೆ ಕಲಸಿ ತೆಗೆಯುತ್ತೇನೆ, ನೀವೇ ನೋಡಿ ಎಂದಳು. ಮೊದಲ ಸಲ ತೆಗೆದಳು. ಆಟೀನ್. ಎರಡನೇ ಸಲ ತೆಗೆದಳು. ಮತ್ತೆ ಆಟೀನ್. ದಯಾನಂದ ನಗು ತಡೆಯಲಾಗದೆ ಬೆನ್ನು ಹಿಡಿದುಕೊಂಡ. ಅವಳು ಇಡೀ ಕಟ್ಟನ್ನು ಅಂಗಳಕ್ಕೆ ಎಸೆದು ತೋಟಕ್ಕೆ ಹೋದಳು. ಎಲೆಗಳನ್ನು ಆಮೇಲೆ ಅವನೇ, ಬಗ್ಗಬಾರದವನು, ಕೋಲಿನಿಂದ ಎಳೆದೆಳೆದು ಆರಿಸಿದ.

ಆ ವಾರ ನಟರಾಜ್ ಮನೆಗೆ ಬಂದ. ಜೀಪಿನ ಹಿಂದೆ ಆರೆಂಜ್ ಮೆಷಿನ್ ಇತ್ತು. "ಅಕ್ಕ, ನಂಗೆ ಇದ್ರಿಂದ ಏನ್ ಕೆಲ್ಸ? ಹೋಂಸ್ಟೇ ಹುಲ್ಲು ಒಂದಿನದ ಕೆಲಸ. ನೀವು ಇಟ್ಕಳಿ, ಬೇಕಾದಾಗ ಇಸ್ಕೋತೀನಿ."

ಹೇಮಶ್ರೀ ಅದರ ಕಡೆ ನೋಡಲೇ ಇಲ್ಲ. ಕಾಫಿ ಕೊಟ್ಟಳು. ಅವನು ಕುಡಿಯುತ್ತಾ, ದಯಾನಂದ ಒಳಗಿದ್ದಾನೆಯೇ ಎಂದು ನೋಡಿಕೊಂಡು, ದನಿ ತಗ್ಗಿಸಿ ಹೇಳಿದ. "ಆವತ್ತು ನೀವು ಬಿಟ್ಟಿದ್ದು ಸರಿ ಅಕ್ಕ. ಎರಡು ಸಾವಿರ ಹಾಕಿದ್ದೇ ಅದಕ್ಕೆ, ಫ್ಲಶ್ಶಿಗೆ ಕಾಯ್ತಿದ್ರೆ ಲೆಕ್ಕ ಸರಿ ಹೋಗ್ಬಾರ್ದು ಅಂತ. ನೀವು ಹಾಕೇ ಹಾಕ್ತೀರ ಅನ್ಕಂಡಿದ್ದೆ. ಬಿಟ್ರಲ್ಲ, ಬೆವ್ರು ಬಂತು ನಂಗೆ."

ಅವಳು ಲೋಟ ಕೆಳಗಿಟ್ಟಳು. "ಇದನ್ನ ಅಲ್ಲಿ ಯಾಕ್ ಹೇಳ್ಲಿಲ್ಲ?"

"ಗೆದ್ದೋನು ಯಾಕ್ ಹೇಳ್ತಾನಕ್ಕ?"

"ಮುಂದಿನ ವಾರ ಹೇಳು. ಎಲ್ಲರ ಮುಂದೆ."

"ಹೇಳ್ತೀನಿ ಬಿಡಿ."

"ಮೆಷಿನ್ ತಗೊಂಡು ಹೋಗು."

ಅವನು ಒಯ್ದ. ಮಾತಿಗೆ ತಪ್ಪಲಿಲ್ಲ, ಭಾನುವಾರ ಊಟವಾದ ಮೇಲೆ ಎಲ್ಲರ ಮುಂದೆ ಶುರು ಮಾಡಿದ. "ಆವತ್ತು ಹೇಮಕ್ಕ ಬಿಟ್ಟಿದ್ದು..." ಎನ್ನುವಷ್ಟರಲ್ಲಿ ಜವರಪ್ಪ, "ಅಯ್ಯೋ ಅದು ಬ್ಯಾಡ ಮಾರಾಯ, ನೆನುಸ್ಕಂಡ್ರೆ ನಂಗೇ ಹೊಟ್ಟೆ ಉರೀತದೆ. ಆಟೀನ್ ಐದು!" ಎಂದರು. ಮತ್ತೆ ಎಲ್ಲರೂ ಆಟೀನ್ ಐದರ ಬಗ್ಗೆಯೇ ಮಾತಾಡಿದರು. ನಟರಾಜ್ ಅವಳ ಕಡೆ ನೋಡಿ ಕೈ ಚೆಲ್ಲಿದ.

ಆಗ ಹೇಮಶ್ರೀ ಎದ್ದು ನಿಂತಳು. ಕ್ಲಬ್ಬಿನಲ್ಲಿ ಅವಳು ಎದ್ದು ನಿಂತು ಮಾತಾಡಿದ್ದು ಅದೇ ಮೊದಲು. "ನಂದೊಂದು ನಿಯಮ ಐತೆ. ಒಬ್ರು ಎಲೆ ಬಿಟ್ಟ ಮೇಲೆ ಮುಂದಿನ ಎಲೆ ತೆಗ್ದು ನೋಡಂಗಿಲ್ಲ. ಆಟ ಮುಗೀತು ಅಂದ್ರೆ ಮುಗೀತು. ಬರ್ದೇ ಇರೋ ಎಲೆ ತೋರ್ಸಿ ಬಿಟ್ಟೋರ್ನ ಆಡ್ಕಳೋದು ನ್ಯಾಯ ಅಲ್ಲ."

"ನೋಡ್ದೆ ಇದ್ರೆ ಮಜಾ ಎಲ್ಲಿ ಬತ್ತದವ್ವ?" ಎಂದರು ಜವರಪ್ಪ.

"ಕೈ ಎತ್ತಿಸಿ ನೋಡಾಣ," ಎಂದಳು ಅವಳು.

ಎತ್ತಿಸಿದರು. ಅವಳ ಪರ ನಟರಾಜನೊಬ್ಬ ಎತ್ತಿದ. ಎಲೆ ನೋಡಲೇಬೇಕು ಅನ್ನುವವರು ಎತ್ತಿ ಎಂದಾಗ ಉಳಿದವರೆಲ್ಲ ಎತ್ತಿದರು. ಹೇಮಶ್ರೀ ಒಬ್ಬೊಬ್ಬರನ್ನೇ ನೋಡುತ್ತಾ ಬಂದು ಕಿಟಕಿಯ ಹತ್ತಿರ ನಿಂತಳು. ಈಜಿ ಚೇರಿನಲ್ಲಿ ಒರಗಿದ್ದ ದಯಾನಂದನ ಕೈಯೂ, ಅರ್ಧದಷ್ಟು, ಮೇಲಿತ್ತು.

ಮನೆಯ ಗೇಟು ತೆಗೆಯಲು ಇಳಿದವಳು, ಚಿಲಕದ ಮೇಲೆ ಕೈಯಿಟ್ಟುಕೊಂಡೇ ತಿರುಗಿ ಹೇಳಿದಳು.

"ಮುಂದಿನ ಭಾನುವಾರ ನೀವು ಮನೇಲಿರಿ. ನಾನೊಬ್ಳೇ ಹೋಗ್ತೀನಿ."